ಎತ್ತರ ನೋಡಿ ಸ್ಥಾನ ಕೊಡುವುದನ್ನು ನಾನು ಬಿಟ್ಟ ಬಗೆ

ಮೆಲ್ಬರ್ನ್ ನಗರದ ಪಶ್ಚಿಮ ಭಾಗದ ಕ್ಲಬ್ಬೊಂದರಲ್ಲಿ ನಾನು ಒಂಬತ್ತು ಚಳಿಗಾಲಗಳಿಂದ ಮಕ್ಕಳಿಗೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಕಲಿಸುತ್ತಿದ್ದೇನೆ. ಇಲ್ಲಿಯವರು ಇದನ್ನು ಪ್ರೀತಿಯಿಂದ ಫುಟ್ಟಿ ಎನ್ನುತ್ತಾರೆ. ಕೊಡಗಿನಲ್ಲಿ ಬೆಳೆದ ನನಗೆ ಗೊತ್ತಿದ್ದ ಆಟ ಹಾಕಿ; ಶಾಲೆಯ ತಂಡದಲ್ಲಿ ನಾನು ರೈಟ್ ಹಾಫ್ ಆಗಿದ್ದೆ. ಪುಟ್ಟ ಮಕ್ಕಳಿಗಾಗಿ ನಡೆಯುವ ಆಸ್‌ಕಿಕ್ ತರಬೇತಿಗೆ ಮಗನನ್ನು ಬಿಟ್ಟು ಗೆರೆಯಾಚೆ ನಿಲ್ಲುತ್ತಿದ್ದ ನನ್ನನ್ನು, ಕಲಿಸುವವರು ಸಾಲದೆ ಒಂದು ದಿನ ಮೈದಾನದೊಳಗೆ ಕರೆದರು. ಅಂದಿನಿಂದ ಇಂದಿನವರೆಗೆ ನನ್ನನ್ನು ಅತಿ ಹೆಚ್ಚು ಕಾಡಿದ್ದು ಒಂದೇ ಪ್ರಶ್ನೆ: ಈ ಮಗುವನ್ನು ಎಲ್ಲಿ ನಿಲ್ಲಿಸಲಿ?

ಆಟವನ್ನು ನೋಡದವರಿಗಾಗಿ ಇಷ್ಟು ಹೇಳಬೇಕು. ಕ್ರಿಕೆಟ್ ಆಡುವಂಥ ಅಂಡಾಕಾರದ ಮೈದಾನದಲ್ಲಿ ಒಂದೊಂದು ತಂಡದಿಂದ 18 ಜನ ಆಡುತ್ತಾರೆ. ದೊಡ್ಡವರ ಮೈದಾನದ ಉದ್ದ 135ರಿಂದ 185 ಮೀಟರ್. ಹಿಂದೆ ಆರು ಜನ, ಮುಂದೆ ಆರು ಜನ, ನಡುವಿನ ಸಾಲಿನಲ್ಲಿ ಮೂವರು. ಉಳಿದ ಮೂವರು ಚೆಂಡು ಹೋದಲ್ಲೆಲ್ಲ ಹೋಗುವವರು: ಅಂಪೈರ್ ಮೇಲಕ್ಕೆ ಹಾಕಿದ ಚೆಂಡನ್ನು ಜಿಗಿದು ತಟ್ಟುವ ರಕ್, ಹಾಗೆ ತಟ್ಟಿದ ಚೆಂಡನ್ನು ಎತ್ತಿಕೊಂಡು ಓಡುವ ರಕ್ ರೋವರ್ ಮತ್ತು ರೋವರ್. ಈ ಆಟದಲ್ಲಿ ಆಫ್‌ಸೈಡ್ ಇಲ್ಲ. ಚೆಂಡು ಸುತ್ತಲಿನ ಯಾವ ದಿಕ್ಕಿನಿಂದಲಾದರೂ ಬರಬಹುದು, ಎದುರಾಳಿಯೂ ಹಾಗೆಯೇ. ಆದ್ದರಿಂದ ಮಗುವಿನ ಸ್ಥಾನ ಬದಲಾದರೆ ಅದರ ಕಣ್ಣಿಗೆ ಕಾಣುವ ಆಟವೇ ಬದಲಾಗುತ್ತದೆ. ಇದು ನನಗೆ ಅರ್ಥವಾಗಲು ಮೂರು ವರ್ಷ ಬೇಕಾಯಿತು, ಮತ್ತು ಅದರ ಬೆಲೆಯನ್ನು ಒಬ್ಬ ಹುಡುಗ ತೆತ್ತ.

ಅವನು ಹನ್ನೊಂದನೆಯ ವಯಸ್ಸಿಗೇ ಜೊತೆಯವರಿಗಿಂತ ಒಂದು ತಲೆಯಷ್ಟು ಎತ್ತರವಿದ್ದ. ಎತ್ತರದವನು ರಕ್ ಆಡಬೇಕು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹಾಗೆಯೇ ಮಾಡಿದೆ. ಎರಡು ಋತುಗಳ ಕಾಲ ಅವನು ಬೇರೆಲ್ಲೂ ಆಡಲಿಲ್ಲ. ಚೆಂಡು ಮೇಲೆದ್ದಾಗಲೆಲ್ಲ ಅವನ ಕೈಗೇ ಸಿಗುತ್ತಿತ್ತು, ತಂಡ ಗೆಲ್ಲುತ್ತಿತ್ತು, ತಂದೆತಾಯಿ ಸಂತೋಷವಾಗಿದ್ದರು. ಇಲ್ಲಿ ಮಕ್ಕಳ ವಯೋಗುಂಪನ್ನು ಜನವರಿ 1ರ ಲೆಕ್ಕದಲ್ಲಿ ಮಾಡುವುದರಿಂದ, ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ತಂಡದಲ್ಲಿ ಆಡುತ್ತಾರೆ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಸಣ್ಣ ಅಂತರವಲ್ಲ. ಆ ಹುಡುಗ ಹುಟ್ಟಿದ್ದು ವರ್ಷದ ಮೊದಲ ತಿಂಗಳಲ್ಲಿ, ಬೆಳವಣಿಗೆಯೂ ಬೇಗ ಬಂದಿತ್ತು. ಹದಿನಾಲ್ಕು ತುಂಬುವ ಹೊತ್ತಿಗೆ ಉಳಿದವರು ಅವನನ್ನು ಮುಟ್ಟಿದರು, ಇಬ್ಬರು ದಾಟಿಯೂ ಹೋದರು. ಆಗ ನೋಡಿದರೆ ಅವನಿಗೆ ನೆಲದ ಮೇಲೆ ಉರುಳುವ ಚೆಂಡನ್ನು ಓಡುತ್ತಲೇ ಬಾಗಿ ಎತ್ತಿಕೊಳ್ಳಲು ಬರುತ್ತಿರಲಿಲ್ಲ. ಎಡಗಾಲಿನಲ್ಲಿ ಒದೆಯಲು ಬರುತ್ತಿರಲಿಲ್ಲ. ಅವೆರಡನ್ನೂ ಕೇಳುವ ಜಾಗದಲ್ಲಿ ನಾನು ಅವನನ್ನು ಒಂದು ದಿನವೂ ನಿಲ್ಲಿಸಿರಲಿಲ್ಲ. ಮುಂದಿನ ವರ್ಷ ಅವನು ಕ್ಲಬ್ಬಿಗೆ ಬರಲಿಲ್ಲ. ಅದು ನನ್ನ ತಪ್ಪು ಎಂದು ಅಂದು ತಿಳಿದೆ, ಇಂದೂ ತಿಳಿಯುತ್ತೇನೆ.

ಅದಾದ ಮೇಲೆ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಗೋಲುಗಳನ್ನು ಅದರಲ್ಲಿ ಬರೆಯಲಿಲ್ಲ. ಪ್ರತಿ ಪಂದ್ಯದಲ್ಲಿ ಇಬ್ಬರೇ ಮಕ್ಕಳನ್ನು ಆರಿಸಿಕೊಂಡು, ಚೆಂಡು ಅವರ ಕೈಗೆ ಎಷ್ಟು ಸಲ ಬಂತು, ನೆಲದಿಂದ ಬಂತೋ ಗಾಳಿಯಿಂದ ಬಂತೋ, ಚೆಂಡು ಸಿಕ್ಕಾಗ ಅವರ ಮುಖ ಯಾವ ಗೋಲಿನ ಕಡೆಗಿತ್ತು, ಏನು ಮಾಡಬೇಕೆಂದು ಯೋಚಿಸಲು ಅವರಿಗೆ ಸಮಯವಿತ್ತೋ ಇಲ್ಲವೋ ಎಂಬುದನ್ನಷ್ಟೇ ಗುರುತು ಹಾಕಿದೆ. ಒಂದು ಋತು ಮುಗಿಯುವಷ್ಟರಲ್ಲಿ ಸ್ಥಾನಗಳ ಬಗ್ಗೆ ನನಗಿದ್ದ ತಿಳಿವಳಿಕೆ ಬಹುಮಟ್ಟಿಗೆ ತಲೆಕೆಳಗಾಯಿತು.

ಎಲ್ಲ ಮಕ್ಕಳೂ ಬಯಸುವ ಫುಲ್ ಫಾರ್ವರ್ಡ್ ಸ್ಥಾನವನ್ನೇ, ಅಂದರೆ ನಾವು ಗೋಲು ಹೊಡೆಯುವ ತುದಿಯಲ್ಲಿ ಗೋಲಿನ ನೇರ ಎದುರಿನ ಜಾಗವನ್ನೇ ತೆಗೆದುಕೊಳ್ಳಿ. ತಂಡ ಸೋಲುತ್ತಿರುವ ದಿನ ಅಲ್ಲಿಗೆ ಚೆಂಡು ಬರುವುದೇ ಅಪರೂಪ. ಬಂದರೂ ಅದು ಗಾಳಿಯಲ್ಲಿ ಬರುತ್ತದೆ, ಮಗುವಿನ ಬೆನ್ನು ಗೋಲಿಗಿರುತ್ತದೆ, ಮುಂದಿನ ನಿರ್ಧಾರವೂ ಒಂದೇ: ಒದೆಯುವುದು. ನಾಲ್ಕು ಕ್ವಾರ್ಟರ್ ಅಲ್ಲಿ ನಿಂತ ಮಗು ಚಳಿಯಲ್ಲಿ ಕೈ ಉಜ್ಜಿಕೊಳ್ಳುವುದನ್ನು ಬಿಟ್ಟು ಹೆಚ್ಚೇನನ್ನೂ ಕಲಿಯದ ಪಂದ್ಯಗಳು ನನ್ನ ಪುಸ್ತಕದಲ್ಲಿವೆ. ನಡುವಿನ ಮಿಡ್‌ಫೀಲ್ಡ್ ಇದಕ್ಕೆ ತದ್ವಿರುದ್ಧ. ಅಲ್ಲಿ ಚೆಂಡು ಸದಾ ಇರುತ್ತದೆ, ಆದರೆ ಚೆಂಡು ಹಿಡಿದವರನ್ನು ತಬ್ಬಿ ತಡೆಯುವ ಟ್ಯಾಕಲ್ ನಾಲ್ಕು ದಿಕ್ಕಿನಿಂದಲೂ ಬರುತ್ತದೆ. ಸುತ್ತ ನೋಡಿ ಯೋಚಿಸಲು ಇನ್ನೂ ಕಲಿಯದ ಮಗು ಅಲ್ಲಿ ಕಣ್ಣು ಮುಚ್ಚಿ ಒದೆಯುವ ಅಭ್ಯಾಸ ಮಾಡಿಕೊಳ್ಳುತ್ತದೆ, ಮತ್ತು ಆ ಅಭ್ಯಾಸವನ್ನು ಬಿಡಿಸುವುದು ಬಹಳ ಕಷ್ಟ.

ನನ್ನ ಅನುಭವದಲ್ಲಿ ಕಲಿಯುವ ಮಗುವಿಗೆ ಹಾಫ್ ಬ್ಯಾಕ್ ಫ್ಲ್ಯಾಂಕ್‌ನಷ್ಟು, ಅಂದರೆ ನಡುವಿನ ಸಾಲಿನ ಹಿಂದೆಯೇ ಇರುವ ಸಾಲಿನ ಪಕ್ಕದ ಜಾಗದಷ್ಟು, ಒಳ್ಳೆಯ ಸ್ಥಾನ ಇನ್ನೊಂದಿಲ್ಲ. ಅಲ್ಲಿ ನಿಂತವರಿಗೆ ಇಡೀ ಆಟ ಎದುರಿಗೆ ಕಾಣುತ್ತದೆ. ಎದುರಾಳಿಯನ್ನು ಕಾಯುವ ಹೊಣೆಯೂ ಇದೆ, ಚೆಂಡು ಸಿಕ್ಕ ಕೂಡಲೇ ದಾಳಿ ಆರಂಭಿಸುವ ಹೊಣೆಯೂ ಇದೆ. ಗಾಳಿಯ ಚೆಂಡನ್ನು ಹಿಡಿದು ಮಾರ್ಕ್ (ಅಡ್ಡಿಯಿಲ್ಲದೆ ಒದೆಯುವ ಅವಕಾಶ) ಪಡೆಯಬೇಕಾಗುತ್ತದೆ, ನೆಲದ ಚೆಂಡನ್ನೂ ಎತ್ತಬೇಕಾಗುತ್ತದೆ; ಆಮೇಲೆ ಉದ್ದಕ್ಕೆ ಒದೆಯಲೋ, ಪಕ್ಕದವರಿಗೆ ಮುಷ್ಟಿಯಿಂದ ಗುದ್ದಿ ಹ್ಯಾಂಡ್‌ಬಾಲ್ ಕೊಡಲೋ, ತಾನೇ ಓಡಲೋ ಎಂದು ತೀರ್ಮಾನಿಸಲು ಒಂದೆರಡು ಕ್ಷಣ ಸಿಗುತ್ತದೆ. ಆ ಒಂದೆರಡು ಕ್ಷಣದಲ್ಲೇ ಮಗು ಆಟಗಾರನಾಗುವುದು. ಈ ಆಟದ ಅತಿ ದೊಡ್ಡ ವೃತ್ತಿಪರ ಲೀಗ್ ಆದ ಎಎಫ್‌ಎಲ್‌ನಲ್ಲೂ ಇದೇ ದಾರಿಯನ್ನು ನೋಡಿದ್ದೇವೆ. ಕಾಲಿಂಗ್‌ವುಡ್‌ನ ನಿಕ್ ಡೇಕಸ್ 2022ರಲ್ಲಿ ಮೊದಲ ವರ್ಷ ಹೆಚ್ಚಾಗಿ ಹಾಫ್ ಬ್ಯಾಕ್‌ನಲ್ಲಿ ಆಡಿ ವರ್ಷದ ಉದಯೋನ್ಮುಖ ಆಟಗಾರನ ಪ್ರಶಸ್ತಿ ಪಡೆದರು, ಮಿಡ್‌ಫೀಲ್ಡ್‌ಗೆ ಪೂರ್ತಿಯಾಗಿ ಹೋದದ್ದು ಆಮೇಲೆ. ಸಿಡ್ನಿಯ ಕ್ಯಾಲಮ್ ಮಿಲ್ಸ್ ಅವರದೂ ಇದೇ ಹಾದಿ. ಕೇವಲ 168 ಸೆಂಟಿಮೀಟರ್ ಎತ್ತರದ ಕೇಲಬ್ ಡೇನಿಯಲ್ 2016ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಚಾಂಪಿಯನ್ ಆದಾಗ ಆ ತಂಡದಲ್ಲಿದ್ದರು, 2020ರಲ್ಲಿ ಹಿಂದಿನ ಸಾಲಿನ ಆಟಗಾರರಾಗಿ ವರ್ಷದ ಅತ್ಯುತ್ತಮ ಆಟಗಾರರ ಗೌರವ ಪಟ್ಟಿಯಾದ ಆಲ್ ಆಸ್ಟ್ರೇಲಿಯನ್ ತಂಡಕ್ಕೆ ಆಯ್ಕೆಯಾದರು. ಗಿಡ್ಡ ಎಂದು ಮಗುವನ್ನು ಮುಂದಿನ ಮೂಲೆಯ ಫಾರ್ವರ್ಡ್ ಪಾಕೆಟ್‌ಗೆ ತಳ್ಳುವವರಿಗೆ ನಾನು ಅವರ ಹೆಸರನ್ನೇ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ನಮ್ಮಲ್ಲಿಗೆ ಬಂದ ಒಬ್ಬ ಹುಡುಗಿಯ ವಿಷಯದಲ್ಲಿ ಈ ಮಾತು ನನಗೆ ಪೂರ್ತಿ ಖಚಿತವಾಯಿತು. 2017ರಲ್ಲಿ ಮಹಿಳೆಯರ ಲೀಗ್ ಎಎಫ್‌ಎಲ್‌ಡಬ್ಲ್ಯೂ ಶುರುವಾದ ಮೇಲೆ ಬೆಳೆದ ಪೀಳಿಗೆಯವಳು ಅವಳು; ತಾನೂ ಅಲ್ಲಿಗೆ ಹೋಗಬೇಕು ಎಂದು ಮೊದಲ ದಿನವೇ ಹೇಳಿದಳು. ಹಿಂದಿನ ತಂಡದಲ್ಲಿ ಅವಳನ್ನು ನಡುವೆ ಆಡಿಸಿದ್ದರು, ಟ್ಯಾಕಲ್‌ಗೆ ಹೆದರುತ್ತಾಳೆ ಎಂಬ ಮಾತು ಅವಳಿಗೆ ಅಂಟಿಕೊಂಡಿತ್ತು. ಎರಡು ವಾರ ನೋಡಿ ಬರೆದ ಮೇಲೆ ತಿಳಿದದ್ದು, ಎದುರಿನಿಂದ ಬಂದವರಿಗೆ ಅವಳು ಒಮ್ಮೆಯೂ ಹೆದರಿರಲಿಲ್ಲ. ಬೆನ್ನ ಹಿಂದಿನಿಂದ ಬರುವವರನ್ನು ಗಮನಿಸುವುದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳನ್ನು ಹಾಫ್ ಬ್ಯಾಕ್‌ಗೆ ಕರೆತಂದೆ. ಅರ್ಧ ಋತು ಅಲ್ಲಿ, ಉಳಿದರ್ಧ ನಡುವಿನ ಸಾಲಿನ ಅಂಚಾದ ವಿಂಗ್‌ನಲ್ಲಿ ಆಡಿಸಿದೆ. ವಿಂಗ್‌ನಲ್ಲಿ ಒಂದು ಪಕ್ಕದಲ್ಲಿ ಗೆರೆಯಿರುವುದರಿಂದ ಅಪಾಯ ಬರುವ ದಿಕ್ಕುಗಳು ಕಡಿಮೆ. ಮರುವರ್ಷ ಅವಳು ಮತ್ತೆ ನಡುವಿಗೆ ಹೋದಾಗ, ಚೆಂಡನ್ನು ಎತ್ತುವ ಮೊದಲೇ ಎರಡೂ ಭುಜಗಳ ಆಚೆ ಕಣ್ಣು ಹಾಯಿಸುವುದು ಅವಳಿಗೆ ರೂಢಿಯಾಗಿತ್ತು.

ದೇಹದ ಬೆಳವಣಿಗೆಯನ್ನೂ ನಾನು ಈಗ ಸ್ಥಾನದ ಲೆಕ್ಕಕ್ಕೆ ಸೇರಿಸುತ್ತೇನೆ. ಸಾಮಾನ್ಯವಾಗಿ ಹುಡುಗಿಯರು ಹನ್ನೆರಡರ ಆಸುಪಾಸಿನಲ್ಲಿ, ಹುಡುಗರು ಹದಿನಾಲ್ಕರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಆ ತಿಂಗಳುಗಳಲ್ಲಿ ಒದೆತದ ಲಯ ತಪ್ಪುತ್ತದೆ, ಹಿಮ್ಮಡಿಯೂ ಮಂಡಿಯ ಕೆಳಭಾಗವೂ ನೋಯುತ್ತವೆ. ಹಾಗೆ ನೋಯುವ ಮಗುವನ್ನು ಮೊದಲು ವೈದ್ಯರಿಗೆ ತೋರಿಸಲು ಹೇಳುತ್ತೇನೆ. ಆಡಬಹುದು ಎಂದು ಅವರು ಹೇಳಿದ ಮೇಲೂ ಕೆಲವು ವಾರ ಓಟ ಕಡಿಮೆಯಿರುವ ಹಿಂದಿನ ಅಥವಾ ಮುಂದಿನ ಮೂಲೆಯಲ್ಲಿ ಆಡಿಸುತ್ತೇನೆ. ಇದು ತಾತ್ಕಾಲಿಕ ಎಂದು ಮಗುವಿಗೆ ಬಾಯಿ ಬಿಟ್ಟು ಹೇಳಬೇಕು. ಹೇಳದಿದ್ದರೆ ತನ್ನನ್ನು ಕೆಳಗಿಳಿಸಿದರು ಎಂದೇ ಅದು ತಿಳಿಯುತ್ತದೆ.

ತಂದೆತಾಯಿಯರನ್ನು ಒಪ್ಪಿಸುವುದು ಇದೆಲ್ಲಕ್ಕಿಂತ ನಿಧಾನದ ಕೆಲಸ. ದಾವಣಗೆರೆ ಕಡೆಯಿಂದ ಬಂದು ಇಲ್ಲಿ ನೆಲೆಸಿದವರೊಬ್ಬರು ಒಂದು ಶನಿವಾರ, "ಸರ್, ನಮ್ಮ ಹುಡುಗನ್ನ ಹಿಂದೆ ನಿಲ್ಲಿಸಿದ್ರೆ ಅವ್ನು ಗೋಲ್ ಹೊಡೆಯೋದು ಯಾವಾಗ?" ಎಂದು ಕೇಳಿದರು. "ಒಂದು ಕ್ವಾರ್ಟರ್ ನನ್ನ ಜೊತೆ ನಿಂತ್ಕೊಳ್ಳಿ, ಅವ್ನ ಕೈಗೆ ಚೆಂಡು ಎಷ್ಟು ಸಲ ಬರುತ್ತೆ ಅಂತ ನೀವೇ ಎಣಿಸಿ" ಎಂದೆ. ಅವರು ನಿಂತು ಎಣಿಸಿದರು. ಮುಂದಿನ ವಾರ ಎಣಿಸಲು ಅವರೇ ಒಂದು ಪುಸ್ತಕ ತಂದಿದ್ದರು.

ಮೊದಮೊದಲು ನಾನು ಪ್ರತಿ ಕ್ವಾರ್ಟರ್‌ಗೂ ಎಲ್ಲರ ಸ್ಥಾನ ಬದಲಿಸುತ್ತಿದ್ದೆ. ನಮ್ಮದೇ ಕ್ಲಬ್ಬಿನ ಹಿರಿಯ ತರಬೇತುದಾರರೊಬ್ಬರು, ಹೀಗೆ ಮಾಡಿದರೆ ಮಕ್ಕಳು ಯಾವುದನ್ನೂ ನೆಟ್ಟಗೆ ಕಲಿಯುವುದಿಲ್ಲ ಎಂದು ಎಚ್ಚರಿಸಿದರು. ಅವರ ಮಾತು ಸರಿಯಾಗಿತ್ತು. ಈಗ ನಾಲ್ಕು ವಾರಕ್ಕೊಂದು ಸಾಲು ಎಂದು ನಿಗದಿ ಮಾಡಿದ್ದೇನೆ. ಆ ನಾಲ್ಕು ವಾರಗಳ ಪ್ರತಿ ಪಂದ್ಯದಲ್ಲೂ ಎರಡು ಕ್ವಾರ್ಟರ್ ಮಗುವಿಗೆ ಚೆನ್ನಾಗಿ ಒಗ್ಗಿದ ಜಾಗ, ಇನ್ನೆರಡು ಕ್ವಾರ್ಟರ್ ಕಲಿಯಬೇಕಾದ ಜಾಗ. ಹದಿನೈದು ದಾಟಿದ ಮೇಲೆ, ಮಗುವಿನೊಂದಿಗೇ ಕೂತು ಮಾತನಾಡಿ ಎರಡು ಸ್ಥಾನಗಳನ್ನು ಗಟ್ಟಿ ಮಾಡುತ್ತೇವೆ: ಒಂದು ಇಂದಿನ ತಂಡಕ್ಕೆ ಬೇಕಾದದ್ದು, ಇನ್ನೊಂದು ನಾಳಿನ ದೇಹಕ್ಕೆ ಹೊಂದಬಹುದಾದದ್ದು. ಇದರಿಂದ ನಾವು ಗೆಲ್ಲಬಹುದಾಗಿದ್ದ ಪಂದ್ಯಗಳನ್ನು ಸೋತದ್ದುಂಟು. ಸೋತ ದಿನ ಮಕ್ಕಳ ಮುಖ ನೋಡುವುದು ನನಗೂ ಸುಲಭವಲ್ಲ.

ಎತ್ತರದ ಮಕ್ಕಳಿಗೆ ಈಗ ಎರಡು ಉದಾಹರಣೆ ಕೊಡುತ್ತೇನೆ. ಸಿಡ್ನಿಯ ಆಡಂ ಗುಡ್ಸ್ 2003ರಲ್ಲಿ ಎಎಫ್‌ಎಲ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಹಂಚಿಕೊಂಡಾಗ ಹೆಚ್ಚಾಗಿ ರಕ್ ಆಡುತ್ತಿದ್ದರು, 2006ರಲ್ಲಿ ಅದೇ ಪದಕವನ್ನು ಮಿಡ್‌ಫೀಲ್ಡ್ ಆಟಗಾರರಾಗಿ ಗೆದ್ದರು. 195 ಸೆಂಟಿಮೀಟರ್ ಎತ್ತರದ ಪ್ಯಾಟ್ರಿಕ್ ಕ್ರಿಪ್ಸ್ ನೆಲದ ಚೆಂಡಿಗೆ ಬಾಗುವ ಆಟದಿಂದಲೇ 2022 ಮತ್ತು 2024ರಲ್ಲಿ ಆ ಪದಕ ಪಡೆದರು.

ಈ ಋತುವಿನಲ್ಲಿ ನಮ್ಮ ತಂಡಕ್ಕೆ ಮತ್ತೆ ಒಬ್ಬ ಎತ್ತರದ ಹುಡುಗಿ ಬಂದಿದ್ದಾಳೆ, ಹನ್ನೆರಡು ವರ್ಷ. ಅವಳನ್ನು ಕಂಡವರೆಲ್ಲ ರಕ್ ಸಿಕ್ಕಿತು ಎಂದರು. ಶನಿವಾರಗಳಲ್ಲಿ ಅವಳು ಎರಡು ಕ್ವಾರ್ಟರ್ ರಕ್ ಆಡುತ್ತಾಳೆ, ಎರಡು ಕ್ವಾರ್ಟರ್ ಎಡಗಡೆಯ ಹಾಫ್ ಬ್ಯಾಕ್. ಮಂಗಳವಾರ ಸಂಜೆ ಎಲ್ಲರೂ ಹೋದ ಮೇಲೆ ಕಾಲು ಗಂಟೆ ಅವಳ ಕಡೆಗೆ ಒದ್ದೆ ಹುಲ್ಲಿನ ಮೇಲೆ ಚೆಂಡನ್ನು ಉರುಳಿಸುತ್ತೇನೆ. ಅವಳು ಓಡಿ ಬಂದು, ಬಾಗಿ, ಎತ್ತಿಕೊಂಡು, ಎಡಗಾಲಿನಲ್ಲಿ ನನಗೆ ವಾಪಸ್ಸು ಒದೆಯುತ್ತಾಳೆ. ಕಳೆದ ವಾರ ಇಪ್ಪತ್ತರಲ್ಲಿ ಹದಿಮೂರು ನನ್ನ ಎದೆಗೆ ನೇರವಾಗಿ ಬಂದವು.