ಪಣಂಬೂರಿನಲ್ಲಿ ಇಂಗಾಲದ ಲೆಕ್ಕ ಬರೆದದ್ದು

ನವಮಂಗಳೂರು ಬಂದರಿನಲ್ಲಿ ಕಲ್ಲಿದ್ದಲು ಇಳಿಸುವ ಗುತ್ತಿಗೆದಾರರೊಬ್ಬರಿಗೆ ಇಂಗಾಲದ ಲೆಕ್ಕ ಬರೆದುಕೊಡಲು ನಾನು ಒಪ್ಪಿಕೊಂಡದ್ದು 2023ರ ಮೇ ತಿಂಗಳಲ್ಲಿ ಕೇಂದ್ರದ ‘ಹರಿತ್ ಸಾಗರ್’ ಮಾರ್ಗಸೂಚಿ ಹೊರಬಿದ್ದ ಮೇಲೆ. ಪ್ರತಿ ಟನ್ ಸರಕಿಗೆ ಬಂದರುಗಳು ಹೊರಸೂಸುವ ಇಂಗಾಲವನ್ನು 2030ರೊಳಗೆ ಶೇ. 30ರಷ್ಟು, 2047ರೊಳಗೆ ಶೇ. 70ರಷ್ಟು ಇಳಿಸಬೇಕೆಂಬುದು ಅದರ ಗುರಿ. ಇಳಿಸುವ ಮಾತು ಆಮೇಲಿನದು, ಈಗ ಎಷ್ಟಿದೆ ಎಂಬುದೇ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗುಣಾಕಾರಕ್ಕೆ ಒಂದು ನಿಮಿಷ ಸಾಕು, ಲೀಟರ್ ಎಷ್ಟೆಂದು ತಿಳಿಯುವುದಕ್ಕೆ ವಾರಗಳೇ ಹಿಡಿದವು. ಪೇಲೋಡರ್, ಹಿಟಾಚಿ, ಟಿಪ್ಪರ್ ಎಲ್ಲಕ್ಕೂ ಒಂದೇ ಬೌಸರಿನಿಂದ (ಡೀಸೆಲ್ ಹೊತ್ತು ತರುವ ಟ್ಯಾಂಕರ್ ಲಾರಿ) ಡೀಸೆಲ್ ತುಂಬಿಸಿ ರಿಜಿಸ್ಟರಿನಲ್ಲಿ ಒಂದೇ ಸಾಲು ಬರೆಯುತ್ತಿದ್ದರು. ಮಳೆಗಾಲದ ಪುಟಗಳಲ್ಲಂತೂ ಕಲ್ಲಿದ್ದಲಿನ ಪುಡಿ ನೀರಿನೊಂದಿಗೆ ಸೇರಿ 1 ಯಾವುದು, 7 ಯಾವುದು ಎಂದು ಬೇರ್ಪಡಿಸಲಾಗದಷ್ಟು ಕಲಸಿಹೋಗಿತ್ತು. ಕೊನೆಗೆ ರಿಜಿಸ್ಟರನ್ನು ಬದಿಗಿಟ್ಟು, ಪಂಪಿನ ಬಿಲ್ಲುಗಳನ್ನೂ ಬೌಸರಿನೊಳಗೆ ಕೋಲು ಇಳಿಸಿ ಅಳೆದ ಉಳಿಕೆಯನ್ನೂ ತಾಳೆಹಾಕಿ ಲೆಕ್ಕ ಹಿಡಿದೆ.

ಸರದಿಯಲ್ಲಿ ಇಂಜಿನ್ ಚಾಲೂ ಇಟ್ಟುಕೊಂಡೇ ನಿಲ್ಲುವ ಲಾರಿಗಳನ್ನು ಯಾರ ಖಾತೆಗೆ ಬರೆಯಬೇಕೆಂಬುದು ಮುಂದಿನ ತೊಡಕು. “ಆಫ್ ಮಾಡಿದ್ರೆ ಮತ್ತೆ ಸೆಲ್ಫ್ ಹಿಡಿಯುದಿಲ್ಲ ಮಾರಾಯ್ರೆ, ಬ್ಯಾಟರಿ ಸತ್ತಿದೆ” ಎಂದು ಚಾಲಕರೊಬ್ಬರು ಹೇಳಿದಾಗ, ಪರಿಸರದ ಬಗ್ಗೆ ನಾನು ಸಿದ್ಧಮಾಡಿಕೊಂಡಿದ್ದ ಮಾತು ಬಾಯಲ್ಲೇ ಉಳಿಯಿತು. ಆ ಹೊಗೆಯನ್ನು ಪರೋಕ್ಷ ಹೊರಸೂಸುವಿಕೆ, ಅಂದರೆ ಗುತ್ತಿಗೆದಾರರ ಸ್ವಂತ ಯಂತ್ರಗಳದ್ದಲ್ಲದ ಹೊಗೆ, ಎಂದು ಬೇರೆಯಾಗಿ ತೋರಿಸಿದೆ.

ನನ್ನ ತಿಳಿವಳಿಕೆ ನಿಜವಾಗಿ ಬದಲಾದದ್ದು ಹಡಗಿನ ಲೆಕ್ಕದಲ್ಲಿ. ಬರ್ತಿಗೆ, ಅಂದರೆ ಸರಕು ಇಳಿಸುವ ಕಟ್ಟೆಗೆ, ಬಂದ ಹಡಗು ಮುಖ್ಯ ಇಂಜಿನನ್ನು ನಿಲ್ಲಿಸಿದರೂ ದೀಪ, ಪಂಪು, ಕ್ರೇನುಗಳಿಗಾಗಿ ಜನರೇಟರುಗಳನ್ನು ಹಗಲಿರುಳು ಓಡಿಸುತ್ತದೆ. ಅವನ್ನು ನಿಲ್ಲಿಸಿ ದಡದಿಂದಲೇ ವಿದ್ಯುತ್ ಕೊಡಬೇಕೆನ್ನುವುದು ಎಲ್ಲ ಹಸಿರು ಯೋಜನೆಗಳಲ್ಲೂ ಇರುವ ಮಾತು. ನಾನೂ ಅದನ್ನೇ ಶಿಫಾರಸು ಮಾಡಲು ಹೊರಟವನು, ಅಂಕಿ ಹಾಕಿ ನೋಡಿ ಕೈ ತಡೆದೆ. ಜನರೇಟರ್ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 220 ಗ್ರಾಂ ಇಂಧನ ಸುಡುತ್ತದೆ ಎಂದುಕೊಂಡರೆ ಹೊರಬೀಳುವ ಇಂಗಾಲದ ಡೈಆಕ್ಸೈಡ್ 0.7 ಕಿಲೋ, ಕಲ್ಲಿದ್ದಲನ್ನೇ ಹೆಚ್ಚಾಗಿ ನೆಚ್ಚಿರುವ ನಮ್ಮ ದೇಶದ ಗ್ರಿಡ್ಡಿನ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ಅದರ ಮೇಲೆ, ನಮ್ಮ ಗ್ರಿಡ್ಡಿನ ವಿದ್ಯುತ್ತಿನ ಆವರ್ತನ 50 ಹರ್ಟ್ಜ್, ಬಹಳಷ್ಟು ಹಡಗುಗಳದ್ದು 60 ಹರ್ಟ್ಜ್. ಪರಿವರ್ತಕದಲ್ಲಿ ಇನ್ನಷ್ಟು ಸೋರಿಹೋಗುತ್ತದೆ. ಪಣಂಬೂರಿನ ಗಾಳಿಯಲ್ಲಿ ಗಂಧಕ, ಹೊಗೆ ಕಡಿಮೆಯಾಗುವುದು ನಿಜ, ಸುತ್ತಲಿನವರ ಮಟ್ಟಿಗೆ ಅದು ದೊಡ್ಡ ಲಾಭವೇ. ಇಂಗಾಲ ಮಾತ್ರ ಹಡಗಿನ ಚಿಮಣಿಯನ್ನು ಬಿಟ್ಟು ಎಲ್ಲೋ ದೂರದ ಉಷ್ಣ ಸ್ಥಾವರದ ಚಿಮಣಿಯಿಂದ ಏಳುತ್ತದೆ.

ಬಂದರಿನ ಸೌರಫಲಕಗಳ ಸಾಮರ್ಥ್ಯ ಐದು ಮೆಗಾವ್ಯಾಟ್ ದಾಟಿದೆ. ಆದರೆ ಹಡಗಿಗೆ ರಾತ್ರಿಯೂ ವಿದ್ಯುತ್ ಬೇಕು, ಮಳೆಗಾಲದ ಆಟಿ ತಿಂಗಳ ಮೋಡದ ದಿನಗಳಲ್ಲೂ ಬೇಕು. ಆದ್ದರಿಂದ ದೊಡ್ಡ ಹಡಗುಗಳಿಗಿಂತ ಮೊದಲು, ಕೆಲಸವಿಲ್ಲದಾಗ ಕಟ್ಟಿಹಾಕಿರುವ ಟಗ್ಗುಗಳಿಗೆ (ಹಡಗುಗಳನ್ನು ಎಳೆದು ದಡ ಸೇರಿಸುವ ಸಣ್ಣ ದೋಣಿಗಳು) ದಡದ ವಿದ್ಯುತ್ ಕೊಡುವುದು ಲೇಸೆಂದೂ, ದೊಡ್ಡ ಸಂಪರ್ಕಕ್ಕೆ ಕೈಹಾಕುವ ಮೊದಲು ನವೀಕರಿಸಬಹುದಾದ ವಿದ್ಯುತ್ತಿನ ಖರೀದಿ ಒಪ್ಪಂದ ಆಗಿರಬೇಕೆಂದೂ ಬರೆದೆ.

ವರದಿಯ ಕರಡು ಕೊಟ್ಟಾಗ ಗುತ್ತಿಗೆದಾರರ ವ್ಯವಸ್ಥಾಪಕರು ಸಂತೋಷಪಟ್ಟರು, ಏಕೆಂದರೆ ಪ್ರತಿ ಟನ್ನಿನ ಅಂಕಿ ಹಿಂದಿನ ವರ್ಷಕ್ಕಿಂತ ಇಳಿದಿತ್ತು. ಅದು ಇಳಿದದ್ದು ಸರಕು ಹೆಚ್ಚು ಬಂದದ್ದರಿಂದ. ದೀಪ, ಕಚೇರಿ, ಪಂಪುಗಳ ಖರ್ಚು ಹೆಚ್ಚು ಟನ್ನುಗಳಿಗೆ ಹಂಚಿಹೋಗಿತ್ತು, ಒಟ್ಟು ಡೀಸೆಲ್ ಏರಿಯೇ ಇತ್ತು. ಒಟ್ಟು ಮೊತ್ತದ ಕಾಲಂ ತೆಗೆಯಬಹುದಲ್ಲವೇ ಎಂದು ಅವರು ಕೇಳಿದರು. ಮಾರ್ಗಸೂಚಿ ಕೇಳುವುದು ಪ್ರತಿ ಟನ್ನಿನ ಅಂಕಿಯನ್ನೇ ಎಂಬುದನ್ನು ಒಪ್ಪಿ ಅದನ್ನು ಮೊದಲು ಇಟ್ಟೆ, ಒಟ್ಟು ಮೊತ್ತವನ್ನು ಅದರ ಪಕ್ಕದಲ್ಲೇ ಉಳಿಸಿ ಸಹಿ ಹಾಕಿದೆ.