ಸಿನಾಪ್ಸಿಸ್ ಬರೆಯುವ ಮುನ್ನ: ವೈದ್ಯಕೀಯ ಗ್ರಂಥಾಲಯದಲ್ಲಿ ಲೇಖನ ಹುಡುಕುವ ಕ್ರಮ

ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿಗಳು ಸಿನಾಪ್ಸಿಸ್ (ಸಂಶೋಧನಾ ಪ್ರಬಂಧದ ರೂಪರೇಷೆ) ಸಲ್ಲಿಸುವ ಗಡುವು ಹತ್ತಿರವಾದಾಗ ಗ್ರಂಥಪಾಲಕರ ಬಳಿ ಬಂದು, ‘ಮಂಗನ ಕಾಯಿಲೆಯ ಬಗ್ಗೆ ಏನಿದ್ದರೂ ಕೊಡಿ’ ಎಂದು ಕೇಳುವುದುಂಟು. ಹಾಗೆ ಕೇಳಿದರೆ ಲೇಖನಗಳ ರಾಶಿ ಸಿಗಬಹುದು, ಉತ್ತರ ಸಿಗದು. ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ: ‘ಕಾಡಂಚಿನ ಊರಿನವರ ಪೈಕಿ ಲಸಿಕೆ ಪಡೆದವರಲ್ಲಿ, ಪಡೆಯದವರಿಗಿಂತ, ಈ ಕಾಯಿಲೆ ಕಡಿಮೆಯಿತ್ತೇ?’ ಯಾರಲ್ಲಿ, ಏನು ಮಾಡಿದಾಗ, ಯಾವುದಕ್ಕೆ ಹೋಲಿಸಿ, ಯಾವ ಫಲ ಎಂಬ ನಾಲ್ಕೂ ಇದರಲ್ಲಿವೆ. ವೈದ್ಯರು ಇದನ್ನು ಪೀಕೋ ಎನ್ನುತ್ತಾರೆ.

ಮುಂದಿನದು ಪದಗಳ ಆಯ್ಕೆ. ನನ್ನ ದೃಷ್ಟಿಯಲ್ಲಿ ಗ್ರಂಥಪಾಲಕರ ನೆರವು ಅತಿ ಹೆಚ್ಚು ಬೇಕಾಗುವುದು ಇಲ್ಲಿಯೇ. ವೈದ್ಯಕೀಯ ಲೇಖನಗಳ ಅಂತರಜಾಲ ಸೂಚಿಯಾದ ಪಬ್‌ಮೆಡ್‌ನಲ್ಲಿ ‘ಮಂಕಿ ಫೀವರ್’ ಎಂದು ಹುಡುಕಿದರೆ ಮಂಗಗಳ ಮೇಲೆ ನಡೆದ ಬೇರೆ ಜ್ವರಗಳ ಪ್ರಯೋಗಗಳೂ ಬಂದು ಬೀಳುತ್ತವೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1960ರಿಂದ ಬೆಳೆಸಿಕೊಂಡು ಬಂದಿರುವ ‘ಮೆಶ್’ ಎಂಬ ಪದಕೋಶದಲ್ಲಿ ಈ ರೋಗಕ್ಕೆ, 1957ರಲ್ಲಿ ಅದು ಪತ್ತೆಯಾದ ಶಿವಮೊಗ್ಗ ಜಿಲ್ಲೆಯ ಕಾಡಿನ ಹೆಸರೇ ಇದೆ: ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’. ಲೇಖಕರು ಯಾವ ಹೆಸರು ಬಳಸಿದ್ದರೂ ಸೂಚೀಕರಣಗೊಂಡ (ಮೆಶ್ ಶೀರ್ಷಿಕೆ ಹಚ್ಚಿದ) ಲೇಖನಗಳನ್ನು ಈ ಶೀರ್ಷಿಕೆ ಒಟ್ಟುಗೂಡಿಸುತ್ತದೆ. ಆದರೆ ಮೆಶ್ ಶೀರ್ಷಿಕೆ ಸೇರದ ಲೇಖನಗಳೂ ಪಬ್‌ಮೆಡ್‌ನಲ್ಲಿ ಇರುವುದರಿಂದ, ರೋಗದ ಇತರ ಹೆಸರುಗಳನ್ನು ‘ಆರ್’ (OR, ಅಥವಾ) ಎಂಬ ಪದದಿಂದ ಅದಕ್ಕೆ ಸೇರಿಸಿ, ಬಳಿಕ ಲಸಿಕೆಗೆ ಸಂಬಂಧಿಸಿದ ಪದಗಳ ಗುಂಪನ್ನು ‘ಆ್ಯಂಡ್’ (AND, ಮತ್ತು) ಎಂಬುದರಿಂದ ಜೋಡಿಸಬೇಕು.

ಹಳೆಯ ಲೇಖನಗಳ ವಿಷಯದಲ್ಲಿ ಎಚ್ಚರ ಬೇಕು. 1950–60ರ ದಶಕಗಳ ದಾಖಲೆಗಳಿಗೆ ಪಬ್‌ಮೆಡ್‌ನಲ್ಲಿ ಸಾಮಾನ್ಯವಾಗಿ ಸಾರಾಂಶವಿರುವುದಿಲ್ಲ. ಶೀರ್ಷಿಕೆಯನ್ನು ಮಾತ್ರ ಓದಿ ಅವುಗಳನ್ನು ಬಿಟ್ಟುಬಿಟ್ಟರೆ ಈ ರೋಗದ ಮೊದಲ ಅಧ್ಯಯನಗಳೇ ಕೈತಪ್ಪುತ್ತವೆ. ಗ್ರಂಥಾಲಯದ ಬೈಂಡ್ ಮಾಡಿಸಿದ ಸಂಪುಟಗಳನ್ನು ತೆರೆದು ನೋಡಿ.

ಪೂರ್ಣಪಾಠಕ್ಕೆ ಹಣ ಕೇಳಿದೊಡನೆ ತೆರಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಾದರೆ ಅದರ ಡಿಜಿಟಲ್ ಗ್ರಂಥಾಲಯ ಜಾಲವಾದ ಹೆಲಿನೆಟ್‌ನಲ್ಲಿ ವಿಚಾರಿಸಿ. ಅಲ್ಲಿಲ್ಲದಿದ್ದರೆ ಬೇರೆ ಗ್ರಂಥಾಲಯದಿಂದ ಪ್ರತಿ ತರಿಸಿಕೊಡಲು ಕೋರಿ.

ವಾರ್ಡಿನಲ್ಲಿರುವ ವೈದ್ಯರಿಗೆ ಇಷ್ಟು ಸಮಯವಿರದು. ಅವರು ಮೊದಲು ಕಾಕ್ರೇನ್ ಲೈಬ್ರರಿಯಲ್ಲಿ, ಲಭ್ಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಮರ್ಶೆ ಇದೆಯೇ ಎಂದು ನೋಡುವುದು ಒಳ್ಳೆಯದು.

ಸಂಶೋಧಕರಂತೂ ಹುಡುಕಿದ ದಿನಾಂಕ, ಬಳಸಿದ ಪದಗಳ ಪೂರ್ಣ ಸಾಲು ಮತ್ತು ದೊರೆತ ಲೇಖನಗಳ ಸಂಖ್ಯೆಯನ್ನು ಅಂದೇ ಬರೆದಿಡಬೇಕು. ಆರು ತಿಂಗಳ ನಂತರ ಅದೇ ಸಾಲನ್ನು ಮತ್ತೆ ಹಾಕಿದರೆ, ನಡುವೆ ಪ್ರಕಟವಾದ ಹೊಸ ಲೇಖನಗಳನ್ನಷ್ಟೇ ಓದಿದರೆ ಸಾಕಾಗುತ್ತದೆ.