ಮುರಕಲ್ಲಿನ ಹಳೆಯ ಕಟ್ಟಡವನ್ನು ಭದ್ರವಾದ ಸರ್ಕಾರಿ ಕಚೇರಿಯಾಗಿಸುವ ಕ್ರಮ

ಕಾಸರಗೋಡಿನ ಹಳೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಕಟ್ಟಡದಲ್ಲಿ ಖಜಾನೆಯನ್ನೋ ದಾಖಲೆ ಕೊಠಡಿಯನ್ನೋ ತೆರೆಯುವ ಮೊದಲು ಅದರ ಗೋಡೆಗಳನ್ನು ಮಳೆಗಾಲದಲ್ಲಿಯೇ ಪರೀಕ್ಷಿಸಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ನಾಡಿನಲ್ಲಿ ತೇವ ಎಲ್ಲಿಂದ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ಬೇಸಗೆಯಲ್ಲಿ ಕಾಣಸಿಗದು. ಬೇಕಲ ಕೋಟೆಯಂತಹ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯವೂ ಅದರಾಚೆ 200 ಮೀಟರ್ ನಿಯಂತ್ರಿತ ವಲಯವೂ ಇರುವುದರಿಂದ, ಅಲ್ಲಿನ ಕಟ್ಟಡಗಳ ದುರಸ್ತಿಗೂ ಮುಂಚಿತವಾಗಿ ಅನುಮತಿ ಪಡೆಯಬೇಕು.

ಗೋಡೆಗೆ ಸಿಮೆಂಟಿನ ಸಾರಣೆ ಮಾಡಲೇಬಾರದು. ಮುರಕಲ್ಲು ನೀರು ಹೀರುವ ಕಲ್ಲು; ಸುಣ್ಣದ ಗಾರೆಯಿದ್ದರೆ ಹೀರಿದ ತೇವ ಹೊರಗೆ ಆರಿಹೋಗುತ್ತದೆ, ಸಿಮೆಂಟಿದ್ದರೆ ಒಳಗೇ ಉಳಿದು, ಉಪ್ಪಿನಂಶ ಹರಳುಗಟ್ಟಿ ಕಲ್ಲಿನ ಮೈಯನ್ನು ಸವೆಸುತ್ತದೆ. ಅಂತಹ ಗೋಡೆಯ ಬುಡದಲ್ಲಿ ಸಾರಣೆಯ ಒಂದು ಚಕ್ಕೆ ಎಬ್ಬಿಸಿದರೆ ಅದರ ಹಿಂದೆ ಕಲ್ಲಿನ ಕೆಂಪು ಹುಡಿ ಉದುರುವುದನ್ನು ಯಾರು ಬೇಕಾದರೂ ನೋಡಬಹುದು.

ಭದ್ರತಾ ಕೊಠಡಿಯ ಭಾರವಾದ ಉಕ್ಕಿನ ಬಾಗಿಲನ್ನು ಈ ಗೋಡೆಗೆ ತೂಗಹಾಕುವುದು ಅಪಾಯಕರ. ಭಾರತೀಯ ಮಾನಕವು ಮುರಕಲ್ಲಿಗೆ ಕೇಳುವ ಕನಿಷ್ಠ ಬಲವೇ ಚದರ ಮಿಲಿಮೀಟರಿಗೆ 3.5 ನ್ಯೂಟನ್, ಹಳೆಯ ಒದ್ದೆ ಕಲ್ಲಿನಲ್ಲಿ ಅಷ್ಟೂ ಇರಲಾರದು. ಆದ್ದರಿಂದ ಕೋಣೆಯೊಳಗೆ ತನ್ನದೇ ಪಾಯವುಳ್ಳ ಕಾಂಕ್ರೀಟಿನ ಪ್ರತ್ಯೇಕ ಕೊಠಡಿಯನ್ನು ಕಟ್ಟಿ, ಹಳೆಯ ಗೋಡೆಗೂ ಅದಕ್ಕೂ ನಡುವೆ ಒಬ್ಬರು ನುಸುಳಿ ಪರಿಶೀಲಿಸುವಷ್ಟು ಜಾಗ ಬಿಡುವುದು ಲೇಸು. ಹೊಸ ಪಾಯವನ್ನು ಹಳೆಯ ಪಾಯದ ಬದಿಯಲ್ಲಿ ಅದಕ್ಕಿಂತ ಆಳವಾಗಿ ತೋಡಿದರೆ ಗೋಡೆ ಕುಸಿಯಬಹುದು.

ಬಾಗಿಲಿಗೆ ಎಷ್ಟೇ ಬೀಗ ಹಾಕಿದರೂ ನಾಲ್ಕು ಹಂಚು ಸರಿಸಿ ಒಳಗಿಳಿಯಬಹುದಾದ ಮಾಡನ್ನು ಹಲವರು ಮರೆಯುತ್ತಾರೆ. ಹಂಚು ಹೊರುವ ಮರದ ಪಕ್ಕಾಸುಗಳ ಕೆಳಗೆ ಉಕ್ಕಿನ ಬಲೆ ಬಿಗಿದು, ಒಣಮರವೂ ಕಾಗದವೂ ಒಂದೆಡೆ ಇರುವುದರಿಂದ ಅಲ್ಲಿಯೇ ಹೊಗೆ ಪತ್ತೆಯ ಸಾಧನಗಳನ್ನು ಅಳವಡಿಸಬೇಕು.

ಕ್ಯಾಮರಾದ ವಯರುಗಳಿಗಾಗಿ ಕಲ್ಲನ್ನು ಕೊರೆಯದೆ, ಪೈಪುಗಳನ್ನು ಗೋಡೆಯ ಮೇಲೆಯೇ ಸಾಗಿಸಿ, ಕಲ್ಲುಗಳ ನಡುವಿನ ಗಾರೆಯ ಸಂದಿಯಲ್ಲಿ ಮೊಳೆ ಕೂರಿಸಬೇಕು. ಮುಂದೆ ಅದನ್ನು ಕಿತ್ತರೂ ಕಲ್ಲಿಗೆ ಗಾಯವಾಗದು. ಕಡಲ ಗಾಳಿಗೆ ಸಾಮಾನ್ಯ ಕಬ್ಬಿಣ ಬೇಗನೆ ತುಕ್ಕು ಹಿಡಿಯುವುದರಿಂದ ಮೊಳೆ, ತಿರುಪುಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಸರ್ವರ್ ಕೋಣೆಯ ಏಸಿಯಿಂದ ಹಗಲಿರುಳೂ ತೊಟ್ಟಿಕ್ಕುವ ನೀರನ್ನು ಗೋಡೆಯ ಬುಡಕ್ಕೆ ಬಿಡದೆ ಪೈಪಿನ ಮೂಲಕ ಅಂಗಳದಾಚೆಯ ಚರಂಡಿಗೆ ಮುಟ್ಟಿಸಬೇಕು.